ರಾಗಿಯ ಹೊಲ, ಅಕ್ಕಡಿ ಸಾಲು ಮತ್ತು ಬೆಳೆ ವಿಮೆ

ಹಳೆಯ ಮೈಸೂರು ಸೀಮೆಯ ಮೈದಾನದಲ್ಲಿ ರಾಗಿಯನ್ನು ಬಹುಮಟ್ಟಿಗೆ ಮಳೆಯ ಆಧಾರದಿಂದಲೇ ಬೆಳೆಯುವರು. ಮಳೆಯು ಹದಕ್ಕೆ ಬಾರದೆ ಹೋಗಬಹುದೆಂಬುದನ್ನು ಇಲ್ಲಿನ ರೈತನು ಮೊದಲೇ ಲೆಕ್ಕಕ್ಕೆ ತಂದುಕೊಂಡಿರುತ್ತಾನೆ. ರಾಗಿಯ ನಡುವೆ ಅವರೆ, ಜೋಳ, ಹುಚ್ಚೆಳ್ಳುಗಳನ್ನು ಅಕ್ಕಡಿ ಸಾಲುಗಳಾಗಿ ಹಾಕುವುದರ ಗುಟ್ಟು ಇದೇ. ರಾಗಿಯು ಕಾಳು ಕಟ್ಟುವ ಕಾಲಕ್ಕೆ ಮಳೆ ಕೈಕೊಟ್ಟರೂ, ತಡವಾಗಿ ಬಲಿಯುವ ಅವರೆಯು ಹಿಂಗಾರಿನ ಒಂದೆರಡು ಹದಮಳೆಯಿಂದಲೂ ಚಳಿಗಾಲದ ಇಬ್ಬನಿಯಿಂದಲೂ ಚೇತರಿಸಿಕೊಂಡು ಕಾಯಿ ಬಿಡುವುದುಂಟು. ಜೋಳದ ದಂಟು ದನಗಳಿಗಾಗುವುದು. ಮುಂಗಾರು ತೀರ ತಡವಾದರೆ ರಾಗಿಯ ಆಸೆಯನ್ನು ಬಿಟ್ಟು ಹುರುಳಿಯನ್ನು ಚೆಲ್ಲುವರು. ರಾಗಿಗೆ ಹುಳು ಹಿಡಿಯುವುದು ಅಪರೂಪ. ಆದ್ದರಿಂದಲೇ ಹಿಂದಿನವರು ಸುಭಿಕ್ಷದ ವರ್ಷದ ರಾಗಿಯನ್ನು ಹಗೇವಿನಲ್ಲಿ ತುಂಬಿ, ಬರದ ವರ್ಷದಲ್ಲಿ ತೆಗೆಯುತ್ತಿದ್ದರು.

ಆದರೆ ಹೋಬಳಿಗೆ ಹೋಬಳಿಯೇ ಒಣಗಿದಾಗ ನೆರೆಯವನು ನೆರೆಯವನಿಗೆ ಕಡ ಕೊಡಲಾರನು. ಈ ತೊಡಕಿಗೆ ಪರಿಹಾರವನ್ನು ಯೋಚಿಸಿದವರಲ್ಲಿ ಮೊದಲಿಗರು ಮೈಸೂರು ಸಂಸ್ಥಾನದ ಅಧಿಕಾರಿಗಳಾಗಿದ್ದ ಜೆ. ಎಸ್. ಚಕ್ರವರ್ತಿಯವರು. ಮಳೆಮಾಪಕದಲ್ಲಿ ಗೊತ್ತುಪಡಿಸಿದ ಪ್ರಮಾಣಕ್ಕಿಂತ ಕಡಿಮೆ ಮಳೆ ಕಂಡುಬಂದರೆ ಆ ಪ್ರದೇಶದ ವಿಮೆದಾರರೆಲ್ಲರಿಗೂ ಹಣ ಸಲ್ಲಬೇಕೆಂದು ಅವರು 1920ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಸೂಚಿಸಿದರು. ಹೊಲಹೊಲವನ್ನೂ ನೋಡಿ ನಷ್ಟವನ್ನು ಅಳೆಯುವ ಖರ್ಚೂ ತಕರಾರೂ ಇದರಿಂದ ತಪ್ಪುವುವು. ದೋಷವೂ ಇಲ್ಲದಿಲ್ಲ: ಮಾಪಕವಿರುವ ಊರಿನಲ್ಲಿ ಸುರಿದ ಮಳೆಯು ಎರಡು ಮೈಲಿಯಾಚೆಯ ಹೊಲದಲ್ಲಿಯೂ ಸುರಿಯಬೇಕೆಂಬ ನಿಯಮವಿಲ್ಲ.

2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯು ಅಳೆಯುವುದು ಮುಖ್ಯವಾಗಿ ಇಳುವರಿಯನ್ನು. ಮುಂಗಾರಿನ ಆಹಾರಧಾನ್ಯಗಳಿಗೆ ರೈತನು ಕಟ್ಟುವ ಕಂತು ವಿಮಾ ಮೊತ್ತದ ನೂರಕ್ಕೆ 2ನ್ನು ಮೀರದು. ಉಳಿದುದನ್ನು ಸರ್ಕಾರಗಳು ಭರಿಸುತ್ತವೆ. ಆಯ್ದ ತಾಕುಗಳಲ್ಲಿ ಬೆಳೆ ಕಟಾವು ಪ್ರಯೋಗ ನಡೆಸಿ ಇಡೀ ಘಟಕದ ಸರಾಸರಿಯನ್ನು ತೆಗೆಯುವುದರಿಂದ, ಒಬ್ಬನ ಹೊಲ ಮಾತ್ರ ಬರದಿಂದ ಒಣಗಿದರೆ ಪರಿಹಾರ ಬಾರದು.

ಇನ್ನೊಂದು ತೊಡಕು ಇದಕ್ಕಿಂತ ಕಠಿಣವಾದುದು, ಅದರಲ್ಲಿ ಸಿಕ್ಕಿಬೀಳುವವನು ವಿವೇಕಿಯಾದ ರೈತನೇ. ರಾಗಿಗೆಂದು ಕಂತು ಕಟ್ಟಿ, ಮಳೆ ತಡವಾದುದರಿಂದ ಹುರುಳಿಯನ್ನು ಬಿತ್ತಿದವನ ಹೊಲದಲ್ಲಿ ಬೆಳೆ ಸಮೀಕ್ಷೆಯವರು ಹುರುಳಿಯೆಂದೇ ದಾಖಲಿಸುವರು. ವಿಮೆಯ ಕಾಗದದಲ್ಲಿ ರಾಗಿ, ಸಮೀಕ್ಷೆಯಲ್ಲಿ ಹುರುಳಿ! ಅರ್ಜಿ ತಿರಸ್ಕೃತವಾಗುವುದಕ್ಕೆ ಇಷ್ಟೇ ಸಾಕು. ಆದ್ದರಿಂದ ಬೆಳೆಯನ್ನು ಬದಲಿಸುವವರು ನೋಂದಣಿಯ ಕಡೆಯ ದಿನಕ್ಕೆ ಮುಂಚಿತವಾಗಿಯೇ ಬ್ಯಾಂಕಿಗೆ ತಿಳಿಸಿ ಕಾಗದವನ್ನು ತಿದ್ದಿಸಿಕೊಳ್ಳತಕ್ಕದ್ದು. ಅಕ್ಕಡಿ ಹಾಕಿದವರು ಸಮೀಕ್ಷೆಯ ದಿವಸ ತಾವೇ ಹೊಲದಲ್ಲಿದ್ದು, ಮುಖ್ಯ ಬೆಳೆ ಯಾವುದು, ಸಾಲಿನ ಬೆಳೆ ಯಾವುದೆಂಬುದನ್ನು ತೋರಿಸಿ ಬರೆಸತಕ್ಕದ್ದು.