ಬೀಟ್ ಪಲ್ಪ್ ಇಲ್ಲದ ಊರಲ್ಲಿ ಕುದುರೆಗೆ ಏನು ನೆನೆಸಿ ಹಾಕಬೇಕು?

ಹೋದ ವಾರ ಹುಲಿಗಿ ಹತ್ತಿರದ ಹಳ್ಳಿಯ ಹುಡುಗನೊಬ್ಬ ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದ್ದ. ಮದುವೆ ಮೆರವಣಿಗೆಗೆ ಬಾಡಿಗೆ ಬಿಡಲು ಅಂತ ಈ ವರ್ಷ ಒಂದು ಕುದುರೆ ತಂದಿದ್ದಾನೆ. ವಿಡಿಯೋದಲ್ಲಿ ಯಾವುದೋ ಹೊರದೇಶದವರು ಬಕೆಟ್ಟಿನಲ್ಲಿ ಒಣ ಗುಳಿಗೆ ಹಾಕಿ ನೀರು ಸುರಿಯುತ್ತಾರೆ, ಅದು ಉಬ್ಬಿ ಬಕೆಟ್ ತುಂಬುತ್ತದೆ, ಕುದುರೆ ಸೊಗಸಾಗಿ ತಿನ್ನುತ್ತದೆ. "ಅಣ್ಣಾ, ಈ ಬೀಟ್ ಪಲ್ಪ್ ನಮ್ಮ ಕೊಪ್ಪಳದಾಗ ಎಲ್ಲಿ ಸಿಗತೈತಿ? ಆನ್‌ಲೈನ್ ತರಸಲೇನು?" ಅಂತ ಕೇಳಿದ್ದ. ತರಸಬ್ಯಾಡಪ್ಪಾ ಅಂದೆ. ಯಾಕೆ ಅನ್ನುವುದು ಎರಡು ಸಾಲಿನಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಈ ವಾರದ ಲೇಖನ.

ಮೊದಲು ಬೀಟ್ ಪಲ್ಪ್ ಅಂದರೇನು ನೋಡೋಣ. ತಂಪು ದೇಶಗಳಲ್ಲಿ ಸಕ್ಕರೆಯನ್ನು ಕಬ್ಬಿನಿಂದಲ್ಲ, ಸಕ್ಕರೆ ಬೀಟ್ ಅನ್ನುವ ಗಡ್ಡೆಯಿಂದ ತೆಗೆಯುತ್ತಾರೆ. ಸಕ್ಕರೆ ತೆಗೆದ ಮೇಲೆ ಉಳಿದ ತಿರುಳನ್ನು ಒಣಗಿಸಿದರೆ ಅದೇ ಬೀಟ್ ಪಲ್ಪ್. ಅದರಲ್ಲಿ ಸಕ್ಕರೆ ಕಡಿಮೆ, ಕುದುರೆಯ ಹೊಟ್ಟೆಯಲ್ಲಿ ಸುಲಭವಾಗಿ ಕೊಳೆತು ಶಕ್ತಿ ಕೊಡುವ ನಾರು ಹೆಚ್ಚು, ಸುಣ್ಣದ ಅಂಶವೂ ಚೆನ್ನಾಗಿದೆ. ಹಾಗಾದರೆ ನಮ್ಮ ಕಬ್ಬಿನ ಸಿಪ್ಪೆ ಹಾಕಬಹುದಲ್ಲ ಅಂತ ಕೆಲವರಿಗೆ ಅನ್ನಿಸುತ್ತದೆ. ಬೇಡ. ಗಾಣದಿಂದ ಬಂದ ಸಿಪ್ಪೆ ಕಟ್ಟಿಗೆಯಂಥ ನಾರು. ಎಷ್ಟು ನೆನೆಸಿದರೂ ಅದು ಕಟ್ಟಿಗೆಯೇ, ಕುದುರೆಯ ಕರುಳಿನಲ್ಲಿ ಗಂಟು ಕಟ್ಟಿಕೊಳ್ಳುತ್ತದೆ.

ಈಗ ನೆನೆಸುವುದು ಯಾಕೆ ಅನ್ನುವುದಕ್ಕೆ ಬರೋಣ. ಒಣ ಪಲ್ಪ್ ತಿಂದರೆ ಕುದುರೆಯ ಹೊಟ್ಟೆ ಒಡೆಯುತ್ತದೆ ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ. ಅದು ನಿಜವಲ್ಲ. ಗಂಟಲಲ್ಲಿ ಸಿಗುತ್ತದೆ ಅನ್ನುವುದು ಮಾತ್ರ ನಿಜ. ಎತ್ತು ಗಬಗಬ ನುಂಗಿದರೂ ಆಮೇಲೆ ಕೂತು ಮೆಲುಕು ಹಾಕುತ್ತದೆ. ಕುದುರೆಗೆ ಮೆಲುಕು ಇಲ್ಲ, ವಾಂತಿ ಮಾಡಿಕೊಳ್ಳಲೂ ಬರುವುದಿಲ್ಲ. ಒಮ್ಮೆ ಅಗಿದದ್ದೇ ಕೊನೆ. ಹಸಿದ ಕುದುರೆ ಸರಿಯಾಗಿ ಅಗಿಯದೆ ಒಣ ಹೊಟ್ಟು ನುಂಗಿದರೆ ಅದು ಅನ್ನನಾಳದಲ್ಲೇ ಹಿಟ್ಟಿನ ಉಂಡೆಯಂತೆ ಕೂರುತ್ತದೆ.

ಇದನ್ನು ನಾನು ಪುಸ್ತಕದಲ್ಲಿ ಕಲಿಯಲಿಲ್ಲ. ನಾನು ಓದಿದ್ದು ತೋಟಗಾರಿಕೆ, ಅಲ್ಲಿ ಕುದುರೆ ಪಾಠ ಇರಲಿಲ್ಲ. ನಮ್ಮ ಕಾಕಾ ಟಾಂಗಾ ಹೊಡೆಯುತ್ತಿದ್ದರು. ಟಾಂಗಾ ನಿಂತ ಮೇಲೂ ಕುದುರೆಯನ್ನು ಮಾರಲು ಮನಸ್ಸಾಗದೆ ಮೆರವಣಿಗೆಗೆ ಕಳಿಸುತ್ತಿದ್ದರು. ಒಂದು ರಾತ್ರಿ ಮೆರವಣಿಗೆ ಮುಗಿಸಿ ತಡವಾಗಿ ಬಂದ ಕುದುರೆಗೆ ನಾನೇ ಒಂದು ಬುಟ್ಟಿ ಒಣ ಕಡ್ಲಿ ಹೊಟ್ಟು ಹಾಕಿದೆ. ಸ್ವಲ್ಪ ಹೊತ್ತಿಗೆ ಕುತ್ತಿಗೆ ಚಾಚಿ ಕೆಮ್ಮತೊಡಗಿತು, ಎರಡೂ ಮೂಗಿನಿಂದ ಹೊಟ್ಟು ಬೆರೆತ ಜೊಲ್ಲು ಸುರಿಯಿತು. ಎತ್ತಿಗೆ ಮಾಡುವಂತೆ ಗೊಟ್ಟದಲ್ಲಿ ನೀರು, ಶೇಂಗಾ ಎಣ್ಣೆ ಕುಡಿಸಿದೆವು. ಅದೇ ನಮ್ಮ ದೊಡ್ಡ ತಪ್ಪು. ದಾರಿ ಕಟ್ಟಿದ ಗಂಟಲಿಗೆ ಸುರಿದ ನೀರು ಶ್ವಾಸಕೋಶಕ್ಕೆ ಇಳಿಯಿತು. ಬೆಳಿಗ್ಗೆ ಡಾಕ್ಟರು ಬಂದು ಕೊಳವೆ ಹಾಕಿ ಗಂಟಲು ಬಿಡಿಸಿದರು, ಆದರೆ ನ್ಯುಮೋನಿಯಾ ಆಗಿಹೋಗಿತ್ತು. ಆರನೇ ದಿನ ಕುದುರೆ ಸತ್ತಿತು. ಕಾಕಾ ನನಗೆ ಒಂದು ಮಾತೂ ಅನ್ನಲಿಲ್ಲ.

ಹಾಗಾಗಿ ಮೂಗಿನಿಂದ ಮೇವು ಬಂದರೆ ಬಾಯಿಗೆ ಏನನ್ನೂ ಹಾಕಬ್ಯಾಡ್ರಿ, ನೀರನ್ನೂ ಸಹ. ಮುಂದಿರುವ ಮೇವು, ನೀರಿನ ಬಕೆಟ್ ಎರಡನ್ನೂ ತೆಗೆಯಿರಿ, ತಲೆ ಕೆಳಗೆ ಬಿಡುವಂತೆ ಹಗ್ಗ ಸಡಿಲ ಮಾಡಿ, ಪಶುವೈದ್ಯರನ್ನು ಕರೆಯಿರಿ. ಸಂಚಾರಿ ಪಶು ಚಿಕಿತ್ಸೆಗೆ 1962 ಸಂಖ್ಯೆ ಇದೆ, ಫೋನಿನಲ್ಲಿ ಈಗಲೇ ಸೇವ್ ಮಾಡಿಕೊಳ್ಳಿ.

ಇನ್ನು ನಮ್ಮಲ್ಲಿ ಸಿಗುವ ಪದಾರ್ಥ. ಬೀಟ್ ಪಲ್ಪಿಗೆ ಹತ್ತಿರ ಬರುವುದು ನನ್ನ ಪ್ರಕಾರ ಕಡ್ಲಿ ಹೊಟ್ಟೇ, ಅಂದರೆ ದಾಲ್ ಮಿಲ್ಲಿನಲ್ಲಿ ಕಡಲೆ ಬೇಳೆ ಮಾಡುವಾಗ ಬರುವ ಸಿಪ್ಪೆ. ಕುದುರೆ ಸತ್ತದ್ದು ಹೊಟ್ಟಿನ ತಪ್ಪಿನಿಂದಲ್ಲ, ಒಣಗಿದ್ದನ್ನು ಹಾಕಿದ ನನ್ನ ತಪ್ಪಿನಿಂದ. ಯಲಬುರ್ಗಾ, ಕುಷ್ಟಗಿ ಕಡೆ ಕಪ್ಪು ನೆಲದಲ್ಲಿ ಕಡಲೆ ಬೆಳೆಯುವ ನಮಗೆ ಇದನ್ನು ದೂರದಿಂದ ತರಿಸುವ ಅಗತ್ಯವಿಲ್ಲ.

ಹೊಟ್ಟನ್ನು ಮೊದಲು ಜರಡಿ ಹಿಡಿದು ಹರಳು, ತಂತಿ ಚೂರು ತೆಗೆಯಿರಿ. ಬೂಸ್ಟು ವಾಸನೆ, ಗಂಟು ಇದೆಯೇ ಅಂತ ಒಣಗಿದ್ದಾಗಲೇ ನೋಡಬೇಕು, ನೆನೆದ ಮೇಲೆ ಗೊತ್ತಾಗುವುದಿಲ್ಲ. ನೆನೆಸಿದರೆ ಬೂಸ್ಟಿನ ವಿಷ ಹೋಗುವುದೂ ಇಲ್ಲ. ಒಂದು ಡಬ್ಬಿ ಹೊಟ್ಟಿಗೆ ಎರಡು ಡಬ್ಬಿ ನೀರು ಹಾಕಿ ಕೈಯಾಡಿಸಿ, ನೆರಳಿನಲ್ಲಿ ಒಂದರಿಂದ ಎರಡು ಗಂಟೆ ಬಿಡಿ. ಆಮೇಲೆ ಒಂದು ಮುಷ್ಟಿ ಹಿಂಡಿ ನೋಡ್ರಿ. ಎರಡು ಹನಿ ನೀರು ಬರಬೇಕು, ಮುಷ್ಟಿ ಬಿಡಿಸಿದರೆ ನಡುವೆ ಒಣ ಪುಡಿ ಇರಬಾರದು. ಇದ್ದರೆ ಇನ್ನಷ್ಟು ನೀರು, ಇನ್ನರ್ಧ ಗಂಟೆ. ಯೂರಿಯಾ ಅಥವಾ ಔಷಧಿ ಕಲಸಿದ ಬಕೆಟ್ ಎಷ್ಟು ತೊಳೆದಿದ್ದರೂ ಈ ಕೆಲಸಕ್ಕೆ ಬೇಡ.

ವಿಡಿಯೋದಲ್ಲಿ ಅವರು ಗುಳಿಗೆಯನ್ನು ರಾತ್ರಿಯಿಡೀ ನೆನೆಸುತ್ತಾರೆ. ಅವರ ಗುಳಿಗೆ ಗಟ್ಟಿ, ಅಳತೆಯಲ್ಲಿ ಮೂರು ನಾಲ್ಕು ಪಟ್ಟು ನೀರು ಕುಡಿಯುತ್ತದೆ, ಅವರ ಹವೆಯೂ ತಂಪು. ನಮ್ಮಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಮದುವೆ ಸೀಜನ್ನೂ ಅದೇ, ಹುಲಿಗೆಮ್ಮನ ಜಾತ್ರೆಯೂ ಬೇಸಿಗೆಯಲ್ಲೇ. ಆ ಸೆಕೆಯಲ್ಲಿ ಬೆಳಿಗ್ಗೆ ನೆನೆಸಿದ್ದು ಸಂಜೆಗೆ ಹುಳಿ ಬಂದು ನೊರೆ ಏಳುತ್ತದೆ. ಹುಳಿ ಮೇವು ತಿಂದ ಕುದುರೆಗೆ ಹೊಟ್ಟೆನೋವು ಬಂದರೆ ಅದೂ ಜೀವಕ್ಕೇ ಕುತ್ತು. ಆದ್ದರಿಂದ ಹೊತ್ತಿಗೆ ಎಷ್ಟು ಬೇಕೋ ಅಷ್ಟೇ ನೆನೆಸಿ, ಉಳಿದದ್ದನ್ನು ಗೊಬ್ಬರದ ಗುಂಡಿಗೆ ಹಾಕಿ. ಬೆಲ್ಲದ ನೀರು ಬೆರೆಸುವುದೂ ಬೇಡ, ಇನ್ನೂ ಬೇಗ ಹುಳಿಯುತ್ತದೆ.

ಹುರಳಿಯ ಲೆಕ್ಕ ಬೇರೆ. ಅದು ಕಾಳು, ಹೊಟ್ಟಿನ ಬದಲಿ ಅಲ್ಲ. ಹಸಿ ಹುರಳಿಯಲ್ಲಿ ಪ್ರೋಟೀನ್ ಜೀರ್ಣಕ್ಕೆ ಅಡ್ಡಿ ಮಾಡುವ ಅಂಶ ಇದೆ, ಅದು ನೆನೆಸಿ ಬೇಯಿಸಿದರೆ ಕಡಿಮೆಯಾಗುತ್ತದೆ. ರಾತ್ರಿ ನೆನೆಸಿ, ಬೆಳಿಗ್ಗೆ ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಬೆರಳಿಗೆ ಹಿಚುಕುವಷ್ಟು ಬೇಯಿಸಿ, ಪೂರ್ತಿ ಆರಿದ ಮೇಲೆ ಹಾಕಿ. ಸುಮಾರು 300 ಕಿಲೋ ತೂಕದ ನಮ್ಮ ಕಡೆಯ ಕುದುರೆಗೆ ದಿನಕ್ಕೆ ಅರ್ಧ ಕಿಲೋ ಒಣ ಹುರಳಿಯಿಂದ ಶುರು ಮಾಡಿ, ಅದನ್ನೂ ಎರಡು ಹೊತ್ತಿಗೆ ಹಂಚಿ. ಕಡ್ಲಿ ಹೊಟ್ಟು ಒಣ ತೂಕದಲ್ಲಿ ದಿನಕ್ಕೆ ಒಂದು ಕಿಲೋ ಸಾಕು. ಹೊಸದು ಯಾವುದೇ ಇರಲಿ, ಒಂದು ಮುಷ್ಟಿಯಿಂದ ಶುರು ಮಾಡಿ 7ರಿಂದ 10 ದಿನದಲ್ಲಿ ಪೂರ್ತಿ ಅಳತೆಗೆ ಬನ್ನಿ. ಇವೆಲ್ಲ ಮೇಲೋಗರ ಇದ್ದಂತೆ. ಊಟ ಅಂದರೆ ಒಣ ಮೇವು, ಅದು ದಿನಕ್ಕೆ 5ರಿಂದ 6 ಕಿಲೋ ಬೇಕೇ ಬೇಕು.

ಹುಲಿಗಿ, ಮುನಿರಾಬಾದ್, ಗಂಗಾವತಿ ಕಾಲುವೆ ಕಡೆಯವರು ಇದೊಂದನ್ನು ಲಕ್ಷ್ಯ ಕೊಟ್ಟು ಓದಬೇಕು. ನಿಮ್ಮಲ್ಲಿ ಭತ್ತದ ಹುಲ್ಲು, ರೈಸ್ ಮಿಲ್ಲಿನ ತೌಡು ಅಗ್ಗ. ಅದನ್ನೇ ನೆನೆಸಿ ಹಾಕಿದರೆ ಕುದುರೆ ಖುಷಿಯಿಂದ ತಿನ್ನುತ್ತದೆ, ಮೈಯೂ ತುಂಬುತ್ತದೆ. ಆದರೆ ತೌಡಿನಲ್ಲಿ ರಂಜಕ ಬಹಳ, ಸುಣ್ಣ ತೀರಾ ಕಡಿಮೆ. ಭತ್ತದ ಹುಲ್ಲಿನ ಆಕ್ಸಲೇಟ್ ಇದ್ದ ಸುಣ್ಣವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದರೆ ಕುದುರೆ ತನ್ನ ಎಲುಬಿನ ಸುಣ್ಣವನ್ನೇ ಕರಗಿಸಿಕೊಳ್ಳುತ್ತದೆ, ಕುಂಟುತ್ತದೆ, ಮುಖದ ಎಲುಬು ಉಬ್ಬುತ್ತದೆ. ಗೋಧಿ ಬೂಸಾಕ್ಕೂ ಇದೇ ಮಾತು. ಬೀಟ್ ಪಲ್ಪಿನಲ್ಲಿರುವ ಸುಣ್ಣ ಇವುಗಳಲ್ಲಿ ಇಲ್ಲ.

ಆ ಸುಣ್ಣಕ್ಕೆ ನಮ್ಮ ಹಿರಿಯರು ಹೆಸರಿನಲ್ಲೇ ದಾರಿ ಇಟ್ಟಿದ್ದಾರೆ: ಕುದುರೆ ಮಸಾಲೆ. ನಾನು ಪೇರಲ ತೋಟದ ಬದಿಗೆ ಎರಡು ಗುಂಟೆ ಹಾಕಿದ್ದೇನೆ. ಅಕ್ಟೋಬರ್–ನವೆಂಬರಿನಲ್ಲಿ ನೀರು ನಿಲ್ಲದ ಜಾಗದಲ್ಲಿ ಬಿತ್ತಿದರೆ ಎರಡು ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ 25–30 ದಿನಕ್ಕೊಮ್ಮೆ. ಕೊಯ್ದದ್ದನ್ನು ನಾಲ್ಕು ತಾಸು ಬಾಡಿಸಿ, ದಿನಕ್ಕೆ 3–4 ಕಿಲೋ ಒಣ ಮೇವಿನ ಜೊತೆ ಕೊಡಿ. ಹಸಿ ಹಸಿಯಾಗಿ ರಾಶಿ ಹಾಕಿದರೆ ಹೊಟ್ಟೆ ಉಬ್ಬುತ್ತದೆ. ಜಾಗ ಇಲ್ಲದವರಿಗೆ ಒಣಗಿದ ಶೇಂಗಾ ಬಳ್ಳಿ ಆದೀತು, ಮಣ್ಣು ಚೆನ್ನಾಗಿ ಕೊಡವಿ ಹಾಕಬೇಕು ಅಷ್ಟೇ.

ಆ ಹುಡುಗ ಮೊನ್ನೆ ಮತ್ತೊಂದು ವಿಡಿಯೋ ಕಳಿಸಿದ್ದ, ಮುಷ್ಟಿ ಹಿಂಡಿ ತೋರಿಸಿದ್ದು. ನೀರು ಧಾರೆಯಾಗಿ ಸುರಿಯುತ್ತಿತ್ತು. ಕುದುರೆ ತಿನ್ನೋದಿಲ್ಲ ಅಣ್ಣಾ ಅಂದ. ನೀರು ಸ್ವಲ್ಪ ಕಡಿಮೆ ಮಾಡು, ಒಂದು ಚಿಟಿಕೆ ಉಪ್ಪು ಉದುರಿಸು, ನಾಳೆ ಹೇಳು ಅಂದಿದ್ದೇನೆ.