ರೇಷ್ಮೆ ಹುಳು ಮನೆ ಸೋರದಿರಲು ಏಳು ಸೂತ್ರ

ಸಾದಲಿ ಸೀಮೆಯಲ್ಲಿ ಮಳೆ ಕಮ್ಮಿ. ಅದಕ್ಕೇ ಶೀಟಿನ ತೂತು ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹಿಂಗಾರು ಜೋರಾಗಿ ಹೊಡೆದ ರಾತ್ರಿ ಬೀಳುತ್ತದೆ, ಅದೂ ಒಳಗೆ ದೊಡ್ಡ ಹುಳು ಮೇಯುತ್ತಿರುವಾಗ. ಐದನೇ ಹಂತದ ಹುಳುವಿಗೆ ಶೇ 65ರಿಂದ 70 ತೇವಾಂಶ ಸಾಕು. ಹಾಸಿಗೆ ಒದ್ದೆಯಾಯಿತೋ, ಸುಣ್ಣಕಟ್ಟು ರೋಗಕ್ಕೆ ದಾರಿಯಾಯಿತು.

1. ಹನಿ ಬಿದ್ದ ಜಾಗದ ನೆತ್ತಿಯ ಮೇಲೇ ತೂತು ಹುಡುಕಬೇಡಿ. ನೀರು ಪಟ್ಟಿ ಹಿಡಿದು ಹರಿದು ಎಲ್ಲೋ ತೊಟ್ಟಿಕ್ಕುತ್ತದೆ. ಇಳಿಜಾರಿನ ಮೇಲ್ಬದಿಗೆ ಹುಡುಕುತ್ತಾ ಹೋಗಿ.

2. ಶೀಟಿನ ಸ್ಕ್ರೂ ಉಬ್ಬಿನ ಮೇಲಿರಲಿ, ತಗ್ಗಿನಲ್ಲಿ ಬೇಡ. ರಬ್ಬರ್ ವಾಷರ್ ಒತ್ತಿ ಕೂತರೆ ಸಾಕು. ಅಪ್ಪಚ್ಚಿಯಾಗುವಷ್ಟು ಬಿಗಿದರೆ ಅಲ್ಲೇ ಸೀಳುತ್ತದೆ. ಬಿಸಿಲಿಗೆ ಬಿರಿದ ವಾಷರ್ ಬದಲಿಸಿ.

3. ಜಿಂಕ್ ಶೀಟಿಗೆ ನ್ಯೂಟ್ರಲ್ ಸಿಲಿಕಾನ್ ಕೇಳಿ ತನ್ನಿ. ವಿನೆಗರ್‌ನಂತೆ ಹುಳಿ ವಾಸನೆ ಬರುವುದು ಅಗ್ಗ, ಆದರೆ ಅದರ ಆಮ್ಲ ಸತುವಿನ ಲೇಪನವನ್ನೇ ತಿನ್ನುತ್ತದೆ.

4. ಹಳೆಯ ಸಿಲಿಕಾನ್ ಮೇಲೆ ಹೊಸದು ಕಚ್ಚುವುದಿಲ್ಲ. ಕೆರೆದು, ಧೂಳು ಒರೆಸಿ, ಒಣಗಿದ ಮೇಲೆ ಹಚ್ಚಿ. ಮೇಸ್ತ್ರಿಗೆ ಬೇಜಾರಾಗುವ ಕೆಲಸ ಇದೇ, ಹತ್ತಿರವೇ ನಿಂತು ಮಾಡಿಸಿ.

5. ಕಿಟಕಿ ಚೌಕಟ್ಟಿನ ಸುತ್ತ ಪೂರ್ತಿ ಮೆತ್ತುವುದು ನಮ್ಮಲ್ಲಿ ಕಾಣುವ ದೊಡ್ಡ ತಪ್ಪು. ಮೇಲಂಚು, ಎರಡು ಪಕ್ಕ ಮುಚ್ಚಿ. ಕೆಳಗಂಚಿನಲ್ಲಿ ಸಣ್ಣ ಸಂದು ಬಿಡಿ. ಹೇಗೋ ಒಳಹೊಕ್ಕ ನೀರಿಗೆ ಹೊರದಾರಿ ಬೇಕು; ಇಲ್ಲದಿದ್ದರೆ ಗೋಡೆ ಕುಡಿಯುತ್ತದೆ. ಇರಚಲಿಗೆ ಹೆದರಿ ವೆಂಟಿಲೇಟರಿಗೆ ಪ್ಲಾಸ್ಟಿಕ್ ಹೊಡೆಯುವವರೂ ಇದ್ದಾರೆ. ಗಾಳಿಯಾಡದೆ ಹುಳು ಬೆವರುವಂಥ ಮನೆಗಿಂತ, ಮೇಲೊಂದು ಅಡಿಯಷ್ಟು ಸಜ್ಜೆ ಇಳಿಸುವುದು ಮೇಲು. ಊಜಿ ನೊಣದ ಬಲೆ ಮಾತ್ರ ಇದ್ದಲ್ಲೇ ಇರಲಿ.

6. ವೈರು ಗೋಡೆಯೊಳಗೆ ಹೋಗುವ ಮುಂಚೆ ಕೆಳಕ್ಕೊಮ್ಮೆ ಬಾಗಿರಲಿ. ನೀರು ಅಲ್ಲೇ ಉದುರುತ್ತದೆ. ಪೈಪಿನ ತೂತು ಹೊರಕ್ಕೆ ಇಳಿಜಾರಾಗಿರಲಿ.

7. ರಿಪೇರಿಯೆಲ್ಲ ಎರಡು ಬೆಳೆಯ ನಡುವೆ, ಮನೆ ಖಾಲಿಯಿರುವಾಗ. ಸಿಮೆಂಟ್ ಶೀಟಿನ ಮೇಲೆ ನೇರ ಕಾಲಿಡಬೇಡಿ, ಪಟ್ಟಿಗಳಿಗೆ ಅಡ್ಡವಾಗಿ ಹಲಗೆ ಹಾಸಿಕೊಳ್ಳಿ. ಸಿಲಿಕಾನ್ ಗಟ್ಟಿಯಾದ ಮೇಲೆ ಒಬ್ಬರು ಪೈಪು ಹಿಡಿದು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ನೀರು ಬಿಡಲಿ, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿಯಲಿ. ಮೇಲಿನಿಂದ ಶುರು ಮಾಡಿದರೆ ಯಾವ ಸಂದು ಸೋರಿತೆಂದು ತಿಳಿಯುವುದಿಲ್ಲ. ಎಲ್ಲ ಒಣಗಿದ ಮೇಲೆ ಸೋಂಕು ನಿವಾರಣೆ, ಆಮೇಲೆ ಚಾಕಿ ಹುಳು ತರುವುದು.