ತುತ್ತು ಇಳಿಯುವ ದಾರಿ

ನಾವು ಉಂಡ ತುತ್ತು ಗಂಟಲಿನಿಂದ ಹೊಟ್ಟೆಗೆ ಒಂದು ಕೊಳವೆಯಲ್ಲಿ ಇಳಿಯುತ್ತದೆ. ಅದೇ ಅನ್ನನಾಳ. ಉದ್ದ ಸುಮಾರು 25 ಸೆಂಟಿಮೀಟರ್. ಅಂದರೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ಅದರ ಒಳಪದರ ಬಾಯಿಯ ಒಳಗಿನಂತೆಯೇ ಮೆತ್ತಗೆ.

ಈ ಪದರಕ್ಕೆ ದಿನಾ ಪೆಟ್ಟು ಬಿದ್ದರೆ ಏನಾಗುತ್ತದೆ? ಹಳೆಯದು ಸತ್ತು ಹೊಸದು ಬೆಳೆಯುತ್ತದೆ. ಮತ್ತೆ ಮತ್ತೆ ಹೀಗಾದರೆ ಹೊಸದು ಸರಿಯಾಗಿ ಬೆಳೆಯುವುದಿಲ್ಲ. ಅದರ ರೂಪ ಕೆಡುತ್ತದೆ. ಇದು ಇನ್ನೂ ಕ್ಯಾನ್ಸರ್ ಅಲ್ಲ. ಆದರೆ ಕೆಲವರಿಗೆ ವರ್ಷಗಳ ನಂತರ ಕ್ಯಾನ್ಸರ್ ಆಗಬಹುದು. ಆಗ ನೋವೇ ಇರುವುದಿಲ್ಲ. ಆದ್ದರಿಂದ ನಮಗೆ ಗೊತ್ತಾಗುವುದಿಲ್ಲ.

ಪೆಟ್ಟು ಎಲ್ಲಿಂದ?

ಬೀಡಿ, ಸಿಗರೇಟು, ಕುಡಿತದಿಂದ. "ಅದು ಗಂಡಸರ ಚಟ, ನಮಗೇನು?" ಅಂತೀವಿ. ಊಟವಾದ ಮೇಲೆ ಎಲೆ ಅಡಿಕೆ ಹಾಕ್ತೀವಿ. ಜೊತೆಗೆ ಚೂರು ಹೊಗೆಸೊಪ್ಪು. ಅದರ ರಸ ನುಂಗಿದರೆ ಇದೇ ದಾರಿಯಲ್ಲಿ ಇಳಿಯುತ್ತದೆ. ಹೊಗೆಸೊಪ್ಪಿನಲ್ಲಿ ಕ್ಯಾನ್ಸರ್ ತರುವ ವಿಷವಿದೆ. ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ತಜ್ಞರು 2004ರಲ್ಲೇ ಸಾರಿದ್ದಾರೆ. ಗುಟ್ಕಾದಲ್ಲಿ ಈ ಎರಡೂ ಇವೆ.

ಕುದಿಕುದಿ ಚಹಾ ಕುಡಿಯುವುದೂ ಒಳ್ಳೆಯದಲ್ಲ. ಆರಿಸಿ ಕುಡಿಯೋಣ.

ಹುಳಿತೇಗು, ಎದೆಯುರಿ ಕೆಲವರಿಗೆ ವರ್ಷಗಟ್ಟಲೆ ಇರುತ್ತದೆ. ಹೊಟ್ಟೆಯ ಹುಳಿ ಮೇಲಕ್ಕೆ ಬಂದು ಅನ್ನನಾಳವನ್ನು ಸುಡುತ್ತದೆ. ಅದರಿಂದಲೂ ಒಳಪದರ ಬದಲಾಗಬಹುದು. ಸೋಡಾ ಕುಡಿದು ಸುಮ್ಮನಾಗಬಾರದು.

ಯಾವಾಗ ಡಾಕ್ಟರ ಹತ್ತಿರ ಹೋಗಬೇಕು?

ಮುದ್ದೆ ನುಂಗುವಾಗ ಎದೆಯಲ್ಲಿ ಸಿಕ್ಕಿಕೊಂಡ ಹಾಗಾದರೆ ನಾವೇನು ಮಾಡ್ತೀವಿ? ಸಾರು ಹೆಚ್ಚು ಸುರಿದುಕೊಳ್ತೀವಿ. ಆಮೇಲೆ ಅನ್ನ ಕಿವುಚಿ ಉಣ್ತೀವಿ. ಕೊನೆಗೆ ಬರೀ ಗಂಜಿ. ಮನೆಯಲ್ಲಿ ಯಾರಿಗೂ ಹೇಳುವುದಿಲ್ಲ. ಹೀಗೇ ತಿಂಗಳುಗಳು ಕಳೆದುಹೋಗುತ್ತವೆ.

ಅಕ್ಕಾ, ಗಂಜಿಗೆ ಇಳಿಯುವ ತನಕ ಕಾಯಬೇಡಿ. ಮುದ್ದೆ ಸಿಕ್ಕಿಕೊಂಡಾಗಲೇ ಹೋಗಿ. ಸುಮ್ಮಸುಮ್ಮನೆ ತೂಕ ಇಳಿದರೂ ಹೋಗಿ. ಎಲ್ಲವೂ ಕ್ಯಾನ್ಸರ್ ಅಲ್ಲ. ರಕ್ತ ಕಡಿಮೆಯಾದರೂ ಕೆಲವು ಹೆಂಗಸರಿಗೆ ನುಂಗಲು ಕಷ್ಟವಾಗುತ್ತದೆ. ದೊಡ್ಡಾಸ್ಪತ್ರೆಯಲ್ಲಿ ದೀಪವಿರುವ ಸಣ್ಣ ಕೊಳವೆಯನ್ನು ಬಾಯಿಂದ ಇಳಿಸಿ ಒಳಗೆ ನೋಡುತ್ತಾರೆ. ಇದಕ್ಕೆ ಎಂಡೋಸ್ಕೋಪಿ ಅಂತಾರೆ. ಕೆಟ್ಟ ಪದರ ಬೇಗ ಸಿಕ್ಕರೆ ಅದನ್ನು ತೆಗೆಯಬಹುದು.

ಹೊಗೆಸೊಪ್ಪು ಬಿಡುವುದು ಸುಲಭವಲ್ಲ. ಆದರೂ ಬಿಡೋಣ. ಬಿಟ್ಟು ವರ್ಷಗಳಾದಂತೆ ಅಪಾಯ ಕಡಿಮೆಯಾಗುತ್ತಾ ಬರುತ್ತದೆ.

ಓದಿ, ಉತ್ತರ ಬರೆಯಿರಿ

1. ಅನ್ನನಾಳ ಎಂದರೇನು?
2. ಅನ್ನನಾಳಕ್ಕೆ ಪೆಟ್ಟು ಕೊಡುವ ಮೂರು ವಸ್ತುಗಳನ್ನು ಹೆಸರಿಸಿ.
3. ನಿಮ್ಮ ಮನೆಯಲ್ಲಿ ಯಾರಿಗಾದರೂ ನುಂಗಲು ಕಷ್ಟವೇ? ಇಂದೇ ಕೇಳಿ.